ಇಬ್ಬರಿಗೂ 600 ಅಂಕ, ಆದರೂ ನನ್ನ ಸಾಲಮೆನ್ಸ್ ಏಕೆ ಸೋಲುತ್ತದೆ?

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದೇನೆ. ಎಂಟನೇ ತರಗತಿಯಲ್ಲಿದ್ದಾಗ ಅಣ್ಣನ ಮೊಬೈಲಿನಲ್ಲಿ, ಪ್ರಾಣಿಗಳನ್ನು ಹಿಡಿದು ಸಾಕಿ ಕಾದಿಸುವ ಪೋಕೆಮಾನ್ ರೂಬಿ ಎಂಬ ವಿಡಿಯೊ ಗೇಮ್ ಆಡಿದ್ದೆ. ಮೀಟಿಯರ್ ಫಾಲ್ಸ್ ಗುಹೆಯ ಒಳಕೋಣೆಯಲ್ಲಿ ಬೇಗನ್ ಎಂಬ ಪ್ರಾಣಿಯನ್ನು ಹಿಡಿದು, 50ನೇ ಮಟ್ಟದವರೆಗೆ ಸಾಕಿ, ಅದರ ಬೆಳೆದ ರೂಪವಾದ ಸಾಲಮೆನ್ಸ್ ಮಾಡಿಕೊಂಡ ದಿನ ಇಂದಿಗೂ ನೆನಪಿದೆ. ಈಗ ಆನ್‌ಲೈನ್ ಕಾಳಗದ ತಾಣವಾದ ಪೋಕೆಮಾನ್ ಶೋಡೌನ್‌ನಲ್ಲಿ ಆಟದ ಒಂಬತ್ತನೇ ತಲೆಮಾರಿನ ಸಿಂಗಲ್ಸ್ ಪಂದ್ಯಗಳನ್ನು ಆಡುತ್ತಿದ್ದೇನೆ. ನನ್ನ ಸಾಲಮೆನ್ಸ್‌ಗೆ ಎದುರಾಳಿಯನ್ನು ಬೀಳಿಸಿದಾಗಲೆಲ್ಲ ದಾಳಿ ಏರಿಸುವ ಮಾಕ್ಸಿ ಎಂಬ ಅಬಿಲಿಟಿ (ಹುಟ್ಟುಗುಣ), ಹೆವಿ ಡ್ಯೂಟಿ ಬೂಟ್ಸ್ ಎಂಬ ಸಾಮಾನು, ಮತ್ತು ಡ್ರ್ಯಾಗನ್ ಡ್ಯಾನ್ಸ್, ಔಟ್‌ರೇಜ್, ಅರ್ಥ್‌ಕ್ವೇಕ್, ರೂಸ್ಟ್ ಎಂಬ ನಾಲ್ಕು ಪಟ್ಟುಗಳನ್ನು ಕೊಟ್ಟಿದ್ದೇನೆ. ಎರಡು ವಾರಗಳಲ್ಲಿ 40 ಪಂದ್ಯ ಆಡಿ 15 ಗೆದ್ದಿದ್ದೇನೆ. ಚಿಕ್ಕಪ್ಪನ ಮಗ ‘ಅದನ್ನು ಬಿಟ್ಟು ಡ್ರಾಗೊನೈಟ್ ತೆಗೆದುಕೋ’ ಎನ್ನುತ್ತಾನೆ. ಎರಡೂ ಡ್ರ್ಯಾಗನ್ ಮತ್ತು ಫ್ಲೈಯಿಂಗ್ ವರ್ಗದವು, ಎರಡರ ಸಾಮರ್ಥ್ಯದ ಒಟ್ಟು ಅಂಕವೂ 600. ನನ್ನದಕ್ಕೆ ವೇಗ 100, ಅದಕ್ಕೆ 80. ದಾಳಿಯಲ್ಲೂ ನನ್ನದೇ ಒಂದು ಅಂಕ ಮುಂದೆ. ಹೀಗಿದ್ದೂ ಶ್ರೇಣಿ ಪಟ್ಟಿಯಲ್ಲಿ ಡ್ರಾಗೊನೈಟ್ ಮೇಲಿನ ವರ್ಗದಲ್ಲಿದೆ, ಸಾಲಮೆನ್ಸ್ ಬಹಳ ಕೆಳಗಿದೆ. ಇದು ಪಟ್ಟಿ ಮಾಡುವವರ ಪಕ್ಷಪಾತವೇ? ಮುಂದಿನ ತಿಂಗಳು ಕಾಲೇಜು ಉತ್ಸವದಲ್ಲಿ ಪಂದ್ಯಾವಳಿ ಇದೆ. ಅಷ್ಟರೊಳಗೆ ಬದಲಿಸಬೇಕೇ? ಒಂದು ಪಂದ್ಯದ ದಾಖಲೆಯನ್ನೂ ಜೊತೆಗೆ ಕಳುಹಿಸಿದ್ದೇನೆ.

ಉತ್ತರ: ನೀವು ಕಳುಹಿಸಿದ ದಾಖಲೆಯನ್ನು ಮೂರು ಬಾರಿ ನೋಡಿದೆ. ಉತ್ತರ ಅದರ ಆರನೇ ಸರದಿಯಲ್ಲೇ ಇದೆ, ಅಲ್ಲಿಗೆ ಬರುತ್ತೇನೆ. ಆಟಗಾರರಿಗೆ ತಂಡ ಕಟ್ಟುವುದನ್ನು ಕಲಿಸುವ ನನ್ನ ಕೆಲಸದಲ್ಲಿ ಅತಿ ಹೆಚ್ಚು ಬರುವ ಪ್ರಶ್ನೆಯೇ ಇದು: ‘ಇವೆರಡೂ ಒಂದೇ ತರಹ ಇವೆ, ಒಂದು ಮೇಲೆ, ಇನ್ನೊಂದು ಕೆಳಗೆ, ಏಕೆ?’ ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಮೆಚ್ಚಿನ ಪ್ರಾಣಿ ನಿಜಕ್ಕೂ ದುರ್ಬಲವೇ ಎಂಬುದು ಒಂದು. ಪಂದ್ಯಾವಳಿಗೆ ಯಾವುದನ್ನು ಕರೆದೊಯ್ಯಬೇಕು ಎಂಬುದು ಇನ್ನೊಂದು. ಇವನ್ನು ಬಿಡಿಸಿ ನೋಡಬೇಕು.

ಮೊದಲು ಪಕ್ಷಪಾತದ ಮಾತು. ನೀವು ನೋಡಿದ, ಸ್ಮೋಗನ್ ಎಂಬ ಆಟಗಾರರ ತಾಣದ ಪಟ್ಟಿಯ ಮೇಲಿನ ವರ್ಗದ ಹೆಸರು ‘ಓವರ್‌ಯೂಸ್ಡ್’, ಅದರ ಕೆಳಗಿನದು ‘ಅಂಡರ್‌ಯೂಸ್ಡ್’. ಹೆಸರಿನಲ್ಲೇ ಅರ್ಥವಿದೆ: ಅದು ಬಳಕೆಯ ಲೆಕ್ಕ, ಬಲದ ತೀರ್ಪಲ್ಲ. ಒಬ್ಬ ಆಟಗಾರ 15 ಪಂದ್ಯ ಆಡಿದರೆ ಒಮ್ಮೆಯಾದರೂ ಎದುರಾಗುವ ಸಾಧ್ಯತೆ ಅರ್ಧಕ್ಕೆ ಅರ್ಧ ಇರುವ ಪ್ರಾಣಿ ಮೇಲಿನ ವರ್ಗಕ್ಕೆ ಸೇರುತ್ತದೆ. ಬಳಕೆಯ ಲೆಕ್ಕದಲ್ಲಿ ಅದು ಸುಮಾರು ಶೇ 4.52. ಹಿಂದೆ ಈ ಗೆರೆ 20 ಪಂದ್ಯಗಳ ಆಧಾರದಲ್ಲಿ ಶೇ 3.41 ಇತ್ತು. ಸಾವಿರಾರು ಜನ ಆಡಿದ ಪಂದ್ಯಗಳಿಂದ ಬರುವ ಈ ಸಂಖ್ಯೆಯನ್ನು ಯಾರೋ ನಾಲ್ಕು ಜನ ಕುಳಿತು ತಿರುಚುವುದು ಸಾಧ್ಯವಿಲ್ಲ. ಇದಲ್ಲದೆ ಅನುಭವಿ ಆಟಗಾರರು ಚರ್ಚಿಸಿ ಎಸ್, ಎ, ಬಿ ಎಂದು ದರ್ಜೆ ಕೊಡುವ ಪಟ್ಟಿಗಳೂ ಇವೆ. ಅವು ಅಭಿಪ್ರಾಯಗಳು. ಎರಡನ್ನೂ ಬೆರೆಸಿ ಓದುವುದರಿಂದಲೇ ಅರ್ಧ ಜಗಳಗಳು ಹುಟ್ಟುತ್ತವೆ.

ಬಳಕೆಯ ಪಟ್ಟಿಯಲ್ಲಿ ಸಾಲಮೆನ್ಸ್ ಕೆಳಗಿದೆ ಎಂದರೆ ಅದು ಬಲಹೀನ ಎಂದಲ್ಲ. ‘ಆರು ಸ್ಥಾನಗಳಲ್ಲಿ ಒಂದನ್ನು ಇದಕ್ಕೆ ಕೊಡುವ ಬದಲು ಬೇರೆಯದಕ್ಕೆ ಕೊಡೋಣ’ ಎಂದು ಹೆಚ್ಚಿನ ಜನ ತೀರ್ಮಾನಿಸಿದ್ದಾರೆ ಎಂದು ಅರ್ಥ. ಹಾಗಾದರೆ ಆ ಬೇರೆಯದು ಯಾವುದು ಎಂಬುದು ಮುಂದಿನ ಪ್ರಶ್ನೆ. ಅದಕ್ಕೆ ಉತ್ತರ ಡ್ರಾಗೊನೈಟ್ ಒಂದೇ ಅಲ್ಲ.

ಇನ್ನು 600ರ ಮಾತು. ಒಟ್ಟು ಅಂಕ ನೋಡಿ ಹೋಲಿಸುವುದು ಹೊಸಬರೆಲ್ಲ ಮಾಡುವ ತಪ್ಪು, ನಾನೂ ವರ್ಷಗಟ್ಟಲೆ ಮಾಡಿದ್ದೇನೆ. ಎಸ್ಸೆಸ್ಸೆಲ್ಸಿಯಲ್ಲಿ ಇಬ್ಬರಿಗೂ ಒಂದೇ ಒಟ್ಟು ಅಂಕ ಬಂದಿದ್ದರೂ ಒಬ್ಬಳಿಗೆ ಗಣಿತದಲ್ಲಿ ನೂರು, ಇನ್ನೊಬ್ಬಳಿಗೆ ಕನ್ನಡದಲ್ಲಿ ನೂರು ಇರಬಹುದು. ಲೆಕ್ಕ ಹೇಳಿಕೊಡಲು ಯಾರನ್ನು ಕರೆಯುತ್ತೀರಿ ಎಂಬುದು ಒಟ್ಟು ಅಂಕದಿಂದ ತೀರ್ಮಾನವಾಗುವುದಿಲ್ಲ. ಸ್ಲೇಕಿಂಗ್ ಎಂಬ ಪ್ರಾಣಿಯ ಒಟ್ಟು ಅಂಕ 670, ನಿಮ್ಮ ಸಾಲಮೆನ್ಸ್‌ಗಿಂತ 70 ಹೆಚ್ಚು. ಆದರೆ ಅದರ ಅಬಿಲಿಟಿಯಾದ ಟ್ರೂಅಂಟ್ ಒಂದು ಸರದಿ ಬಿಟ್ಟು ಒಂದು ಸರದಿ ಮಾತ್ರ ಅದಕ್ಕೆ ಕೆಲಸ ಮಾಡಲು ಬಿಡುತ್ತದೆ. ಅಝುಮರಿಲ್‌ನ ಮೂಲ ದಾಳಿಯ ಅಂಕ ಬರೀ 50, ಹ್ಯೂಜ್ ಪವರ್ ಎಂಬ ಅಬಿಲಿಟಿ ಅದರ ದಾಳಿಯನ್ನು ಎರಡರಷ್ಟು ಮಾಡುತ್ತದೆ. ಕಾಗದದ ಮೇಲಿನ ಒಟ್ಟು ಅಂಕಕ್ಕೂ ಅಂಗಳದ ಕೆಲಸಕ್ಕೂ ಅಷ್ಟು ದೂರ.

ಈಗ ಆರನೇ ಸರದಿ. ಎದುರಾಳಿಯ ಗ್ರೇಟ್ ಟಸ್ಕ್ ಎಂಬ ಪ್ರಾಣಿ ಅಂಗಳದಲ್ಲಿದೆ. ಅದು ಅರ್ಥ್‌ಕ್ವೇಕ್ ಹೊಡೆಯುವುದೆಂದು ಸರಿಯಾಗಿ ಊಹಿಸಿ ನೀವು ಹಿಂದಿನ ಸರದಿಯಲ್ಲಿ ಸಾಲಮೆನ್ಸ್ ಅನ್ನು ಇಳಿಸಿದ್ದೀರಿ. ಹಾರುವ ಪ್ರಾಣಿಗೆ ಭೂಕಂಪ ತಾಗುವುದಿಲ್ಲ. ಒಂದು ಎಚ್‌ಪಿ (ಪ್ರಾಣಬಲದ ಅಂಕ) ಕೂಡ ಕಳೆದುಕೊಳ್ಳದೆ 331ಕ್ಕೆ 331 ಇಟ್ಟುಕೊಂಡು ಒಳಗೆ ಬಂದಿದ್ದೀರಿ. ಇದು ಚೆನ್ನಾಗಿ ಆಡಿದ ನಡೆ. ಆಮೇಲೆ ದಾಳಿ, ವೇಗ ಎರಡನ್ನೂ ಏರಿಸುವ ಕುಣಿತವಾದ ಡ್ರ್ಯಾಗನ್ ಡ್ಯಾನ್ಸ್ ಒತ್ತಿದ್ದೀರಿ. ಎದುರಾಳಿ ಹಿಂದೆ ಸರಿಯಲಿಲ್ಲ, ಐಸ್ ಸ್ಪಿನ್ನರ್ ಎಂಬ ಹಿಮದ ಪಟ್ಟು ಹೊಡೆದ. ಡ್ರ್ಯಾಗನ್‌ಗೂ ಹಿಮ ಆಗದು, ಫ್ಲೈಯಿಂಗ್‌ಗೂ ಆಗದು, ಎರಡೂ ಸೇರಿ ಪೆಟ್ಟು ನಾಲ್ಕು ಪಟ್ಟು. ಸಾಲಮೆನ್ಸ್ ಅಲ್ಲೇ ಬಿತ್ತು. ಆ ಪಂದ್ಯ ಕೈಬಿಟ್ಟದ್ದು ಅಲ್ಲಿಯೇ.

ಆ ಸರದಿಯ ಲೆಕ್ಕ ಹಾಕಿದೆ. ದಾಳಿಗೂ ವೇಗಕ್ಕೂ ಪೂರ್ತಿ ತರಬೇತಿ ಪಡೆದ ಗ್ರೇಟ್ ಟಸ್ಕ್ ಹೊಡೆಯುವ ಐಸ್ ಸ್ಪಿನ್ನರ್ ನಿಮ್ಮ ಸಾಲಮೆನ್ಸ್‌ಗೆ 424ರಿಂದ 500ರವರೆಗೆ ಪೆಟ್ಟು ಕೊಡುತ್ತದೆ. ಇರುವುದು 331. ಬದುಕುವ ದಾರಿಯೇ ಇಲ್ಲ. ಅದೇ ಜಾಗದಲ್ಲಿ, ಅದೇ ರೀತಿ ಪೂರ್ಣ ಎಚ್‌ಪಿಯೊಂದಿಗೆ ಡ್ರಾಗೊನೈಟ್ ಇದ್ದಿದ್ದರೆ? ಅದರ ರಕ್ಷಣೆ ಸ್ವಲ್ಪ ಹೆಚ್ಚು, 80ರ ಬದಲು 95. ಅದು ದೊಡ್ಡ ವಿಷಯವಲ್ಲ. ದೊಡ್ಡ ವಿಷಯವೆಂದರೆ ಮಲ್ಟಿಸ್ಕೇಲ್ ಎಂಬ ಅಬಿಲಿಟಿ. ಎಚ್‌ಪಿ ಪೂರ್ತಿಯಾಗಿರುವಾಗ ಬೀಳುವ ಪೆಟ್ಟನ್ನು ಅದು ಅರ್ಧಕ್ಕೆ ಇಳಿಸುತ್ತದೆ. ಅದೇ ಐಸ್ ಸ್ಪಿನ್ನರ್ ಡ್ರಾಗೊನೈಟ್‌ಗೆ 184ರಿಂದ 218, ಅದರ ಬಳಿ ಇರುವುದು 323. ಪೆಟ್ಟು ತಿಂದು, ಕುಣಿದು, ಮುಂದಿನ ಸರದಿಯಲ್ಲಿ ಒಂದೂವರೆ ಪಟ್ಟು ದಾಳಿ, ಒಂದೂವರೆ ಪಟ್ಟು ವೇಗದೊಂದಿಗೆ ಅದು ನಿಂತಿರುತ್ತದೆ.

ಇಷ್ಟಕ್ಕೆ ನಿಲ್ಲಿಸಿದರೆ ನಿಮ್ಮ ಚಿಕ್ಕಪ್ಪನ ಮಗ ಹೇಳಿದ್ದೇ ಸರಿ ಎಂದಾಗುತ್ತದೆ. ನಿಲ್ಲಿಸುವುದಿಲ್ಲ, ಏಕೆಂದರೆ ಅದೇ ಸರದಿಯಲ್ಲಿ ನಿಮ್ಮ ಕೈಯಲ್ಲಿದ್ದು ನೀವು ಬಳಸದ ಒಂದು ವಿಷಯವಿತ್ತು. ವೇಗಕ್ಕೆ ಪೂರ್ತಿ ತರಬೇತಿ ಕೊಟ್ಟ ಸಾಲಮೆನ್ಸ್‌ನ ವೇಗ 328. ಆ ಗ್ರೇಟ್ ಟಸ್ಕ್‌ನ ವೇಗ 300. ಡ್ರಾಗೊನೈಟ್‌ಗೆ ಎಷ್ಟು ತರಬೇತಿ ಕೊಟ್ಟರೂ 284ಕ್ಕಿಂತ ಮೇಲೇರದು. ಅಂದರೆ ಕುಣಿಯದೆಯೇ ಗ್ರೇಟ್ ಟಸ್ಕ್‌ಗಿಂತ ಮೊದಲು ಹೊಡೆಯಬಲ್ಲದ್ದು ಸಾಲಮೆನ್ಸ್, ಡ್ರಾಗೊನೈಟ್ ಅಲ್ಲ. ಗ್ರೇಟ್ ಟಸ್ಕ್‌ನ ದೈಹಿಕ ರಕ್ಷಣೆ 131, ಕೋಟೆಯ ಗೋಡೆ. ಪಟ್ಟುಗಳಲ್ಲಿ ದೈಹಿಕ, ವಿಶೇಷ ಎಂದು ಎರಡು ಬಗೆ, ಒಂದೊಂದನ್ನು ತಡೆಯಲೂ ಬೇರೆ ರಕ್ಷಣೆ. ವಿಶೇಷ ರಕ್ಷಣೆಯೋ ಬರೀ 53. ನಿಮ್ಮ ನಾಲ್ಕು ಪಟ್ಟುಗಳಲ್ಲಿ ಹೊಡೆಯುವ ಎರಡೂ ದೈಹಿಕ, ಗೋಡೆಗೆ ತಲೆ ಚಚ್ಚಿಕೊಂಡ ಹಾಗೆ. ಅವುಗಳಲ್ಲೊಂದರ ಜಾಗದಲ್ಲಿ ಹರಿಕೇನ್ ಎಂಬ ವಿಶೇಷ ಪಟ್ಟು ಇದ್ದಿದ್ದರೆ, ವಿಶೇಷ ದಾಳಿಗೆ ಒಂದಿಷ್ಟೂ ತರಬೇತಿ ಕೊಡದ, ಅದನ್ನು ತಗ್ಗಿಸುವ ಸ್ವಭಾವದ ಸಾಲಮೆನ್ಸ್ ಕೂಡ ಅದಕ್ಕೆ 384ರಿಂದ 452 ಪೆಟ್ಟು ಕೊಡುತ್ತಿತ್ತು. ಆ ಗ್ರೇಟ್ ಟಸ್ಕ್ ಬಳಿ ಇದ್ದದ್ದು 371. ಒಂದೇ ಪೆಟ್ಟಿಗೆ ಮುಗಿಯುತ್ತಿತ್ತು. ಹರಿಕೇನ್ ಹತ್ತರಲ್ಲಿ ಏಳು ಬಾರಿ ಮಾತ್ರ ತಾಗುತ್ತದೆ ಎಂಬುದನ್ನು ಮರೆಯಬೇಡಿ. ಆದರೂ ಹತ್ತಕ್ಕೆ ಹತ್ತು ಸಲ ಸಾಯುವುದಕ್ಕಿಂತ ಅದು ಬಹಳ ಮೇಲು.

ಎರಡು ಪ್ರಾಣಿಗಳ ನಡುವಿನ ನಿಜವಾದ ಭೇದ ಇದು. ಡ್ರಾಗೊನೈಟ್ ಪೆಟ್ಟು ತಿಂದು ಆಮೇಲೆ ಹೊಡೆಯುವ ಪ್ರಾಣಿ. ಸಾಲಮೆನ್ಸ್ ಪೆಟ್ಟು ಬೀಳುವ ಮೊದಲೇ ಹೊಡೆಯುವ ಪ್ರಾಣಿ. ಮೈಬಣ್ಣ ಬೇರೆಯಾದರೂ ರೆಕ್ಕೆ ಒಂದೇ, ವರ್ಗ ಒಂದೇ, ಅಂಕ ಒಂದೇ, ಕಸುಬು ತದ್ವಿರುದ್ಧ. ನಿಮ್ಮ 40 ಪಂದ್ಯಗಳಲ್ಲಿ ನೀವು ಸಾಲಮೆನ್ಸ್ ಕೈಯಲ್ಲಿ ಡ್ರಾಗೊನೈಟ್‌ನ ಕೆಲಸ ಮಾಡಿಸಿದ್ದೀರಿ. ಡ್ರಾಗೊನೈಟ್‌ಗೆ ಕುಣಿಯಲು ಮಲ್ಟಿಸ್ಕೇಲ್ ಒಂದು ಸರದಿಯನ್ನು ಉಚಿತವಾಗಿ ಕೊಡುತ್ತದೆ. ಸಾಲಮೆನ್ಸ್‌ಗೆ ಆ ಸರದಿಯನ್ನು ಯಾರೂ ಕೊಡುವುದಿಲ್ಲ, ನೀವೇ ದುಡಿದು ಸಂಪಾದಿಸಬೇಕು.

ಇದೇ ಸಾಲಮೆನ್ಸ್ ಒಂದು ಕಾಲದಲ್ಲಿ ಡ್ರಾಗೊನೈಟ್ ಅನ್ನು ಮೂಲೆಗೆ ತಳ್ಳಿತ್ತು ಎಂಬುದನ್ನೂ ನೀವು ತಿಳಿದಿರಬೇಕು. ನಿಮ್ಮ ರೂಬಿಯ ಕಾಲ ಮೂರನೇ ತಲೆಮಾರು. ಆಗ ಪಟ್ಟು ದೈಹಿಕವೋ ವಿಶೇಷವೋ ಎಂಬುದನ್ನು ಅದರ ವರ್ಗವೇ ನಿರ್ಧರಿಸುತ್ತಿತ್ತು. ಡ್ರ್ಯಾಗನ್ ವರ್ಗದ ಪಟ್ಟುಗಳೆಲ್ಲ ವಿಶೇಷ. ಹಾಗಾಗಿ ಸಾಲಮೆನ್ಸ್‌ನ 135ರ ದೈಹಿಕ ದಾಳಿಗೆ ಡ್ರ್ಯಾಗನ್ ವರ್ಗದ ಪಟ್ಟೇ ಸಿಗುತ್ತಿರಲಿಲ್ಲ. ಹಾಗಿದ್ದರೂ ಅದು ಆ ತಲೆಮಾರಿನ ಘಟಾನುಘಟಿಗಳಲ್ಲಿ ಒಂದು. 2006ರಲ್ಲಿ ಡೈಮಂಡ್ ಮತ್ತು ಪರ್ಲ್ ಬಂದಾಗ ಈ ನಿಯಮ ಬದಲಾಯಿತು, ಪ್ರತಿ ಪಟ್ಟಿಗೂ ತನ್ನದೇ ಸ್ವರೂಪ ಬಂತು. ಔಟ್‌ರೇಜ್‌ನ ಬಲ 90ರಿಂದ 120ಕ್ಕೆ ಏರಿ ದೈಹಿಕವಾಯಿತು. 140 ಬಲದ ಡ್ರಾಕೊ ಮೀಟಿಯರ್ ಹೊಸದಾಗಿ ಬಂತು. ಫೇರಿ ವರ್ಗ ಇನ್ನೂ ಹುಟ್ಟಿರಲಿಲ್ಲ, ಡ್ರ್ಯಾಗನ್ ಪೆಟ್ಟನ್ನು ತಡೆಯಲು ಉಕ್ಕಿನ ವರ್ಗ ಒಂದೇ ಗತಿ, ಆ ಉಕ್ಕನ್ನು ಸಾಲಮೆನ್ಸ್ ಬೆಂಕಿ ಉಗುಳಿ ಕರಗಿಸುತ್ತಿತ್ತು. ಎದುರಾಳಿಗೆ ಅದು ಎಡಗೈಯಿಂದ ಹೊಡೆಯುತ್ತದೋ ಬಲಗೈಯಿಂದ ಹೊಡೆಯುತ್ತದೋ ತಿಳಿಯುತ್ತಲೇ ಇರಲಿಲ್ಲ. ಕೊನೆಗೆ ಆ ತಲೆಮಾರಿನ ಓವರ್‌ಯೂಸ್ಡ್ ಪಂದ್ಯಗಳಿಂದ ಸಾಲಮೆನ್ಸ್ ಅನ್ನು ನಿಷೇಧಿಸಿ ಊಬರ್ಸ್ ಎಂಬ ಅತಿ ಬಲಶಾಲಿಗಳ ವರ್ಗಕ್ಕೆ ಕಳುಹಿಸಿದರು. ಡ್ರಾಗೊನೈಟ್ ಅಲ್ಲಿಯೇ ಉಳಿಯಿತು, ಅದನ್ನು ನಿಷೇಧಿಸುವಷ್ಟು ಯಾರಿಗೂ ಹೆದರಿಕೆ ಇರಲಿಲ್ಲ.

ಅಂಕಗಳು ಅಂದಿಗೂ ಇಂದಿಗೂ ಅವೇ. ಬದಲಾದದ್ದು ಸುತ್ತಲಿನ ಲೋಕ. 2010ರಲ್ಲಿ ಐದನೇ ತಲೆಮಾರಿನೊಂದಿಗೆ ಡ್ರಾಗೊನೈಟ್‌ಗೆ ಮಲ್ಟಿಸ್ಕೇಲ್ ಬಂತು. 2013ರಲ್ಲಿ ಫೇರಿ ವರ್ಗ ಬಂದು ಔಟ್‌ರೇಜ್‌ಗೆ ಕಡಿವಾಣ ಬಿತ್ತು, ಫೇರಿಗೆ ಡ್ರ್ಯಾಗನ್ ಪೆಟ್ಟು ತಾಗುವುದೇ ಇಲ್ಲ. 2014ರಲ್ಲಿ ಸಾಲಮೆನ್ಸ್‌ಗೆ ಪಂದ್ಯದ ನಡುವೆ ತಾಳುವ, ಬಲ ಹೆಚ್ಚಿದ ಮೆಗಾ ರೂಪ ಸಿಕ್ಕಿತು: ವೇಗ 120, ರಕ್ಷಣೆ 130, ಒಟ್ಟು 700. ಅದು ಮತ್ತೆ ನಿಷೇಧಕ್ಕೆ ಒಳಗಾಗುವಷ್ಟು ಪ್ರಬಲವಾಗಿತ್ತು. 2019ರ ಸ್ವೋರ್ಡ್ ಮತ್ತು ಶೀಲ್ಡ್ ಮೆಗಾ ರೂಪಗಳನ್ನೇ ಕೈಬಿಟ್ಟಿತು. ಅದೇ ಆಟ ಹೆವಿ ಡ್ಯೂಟಿ ಬೂಟ್ಸ್ ಎಂಬ ಸಾಮಾನನ್ನು ತಂದಿತು. ಅದುವರೆಗೆ ನೆಲದಲ್ಲಿ ಹರಡಿದ ಸ್ಟೆಲ್ತ್ ರಾಕ್ ಕಲ್ಲುಗಳು ಇಂಥ ಹಾರುವ ಡ್ರ್ಯಾಗನ್‌ಗಳಿಗೆ ಒಳಗೆ ಬರುವಾಗಲೇ ಕಾಲು ಭಾಗ ಎಚ್‌ಪಿ ಕಸಿಯುತ್ತಿದ್ದವು. ಕಾಲು ಭಾಗ ಹೋದರೆ ಮಲ್ಟಿಸ್ಕೇಲ್ ಇದ್ದೂ ಇಲ್ಲ. ಬೂಟು ಹಾಕಿಕೊಂಡ ಡ್ರಾಗೊನೈಟ್‌ಗೆ ಆ ಚಿಂತೆ ತಪ್ಪಿತು. ಅದರ ಏರಿಕೆಗೆ ದೊಡ್ಡ ಕಾರಣ ಆ ಬೂಟು ಎಂದೇ ನನ್ನ ಅಭಿಪ್ರಾಯ.

ಚಾನ್ಸಿ ಮತ್ತು ಬ್ಲಿಸಿಯ ಕತೆಯೂ ಇಂಥದೇ. ಚಾನ್ಸಿ ಬೆಳೆದರೆ ಬ್ಲಿಸಿ. ಆದರೆ 2010ರಲ್ಲಿ ಬಂದ ಇವಿಯೋಲೈಟ್ ಎಂಬ ಸಾಮಾನು ಪೂರ್ತಿ ಬೆಳೆಯದ ಪ್ರಾಣಿಗಳ ಎರಡೂ ರಕ್ಷಣೆಗಳನ್ನು ಒಂದೂವರೆ ಪಟ್ಟು ಮಾಡಿತು, ತಾಯಿಗಿಂತ ಮಗಳೇ ಗಟ್ಟಿಯಾದಳು. ಬೂಟು ಬಂದ ಮೇಲೆ ಸಾಮಾನು ಹಿಡಿಯುವ ಕೈ ಖಾಲಿ ಇದ್ದ ಬ್ಲಿಸಿಯ ಬೆಲೆ ಮತ್ತೆ ಏರಿತು.

ಈಗಿನ ಒಂಬತ್ತನೇ ತಲೆಮಾರಿಗೆ ಬರೋಣ. ಇಲ್ಲಿ ಡ್ರಾಗೊನೈಟ್‌ಗೆ ಇನ್ನೆರಡು ಅನುಕೂಲಗಳು ಸಿಕ್ಕಿವೆ. ಎಕ್ಸ್‌ಟ್ರೀಮ್ ಸ್ಪೀಡ್ ಅದಕ್ಕೆ ಹಳೆಯ ನಂಟು, ಸಾಲಮೆನ್ಸ್ ಕಲಿಯಲಾರದ ಪಟ್ಟು. ವೇಗ ಎಷ್ಟೇ ಇರಲಿ, ಬಹುತೇಕ ಎಲ್ಲರಿಗಿಂತ ಮೊದಲು ತಾಗುತ್ತದೆ. ಪಂದ್ಯಕ್ಕೆ ಒಮ್ಮೆ ವರ್ಗ ಬದಲಿಸುವ ಟೆರಾ ಸೌಲಭ್ಯದಿಂದ ಡ್ರಾಗೊನೈಟ್ ನಾರ್ಮಲ್ ವರ್ಗಕ್ಕೆ ಹೋದರೆ ಆ ಪಟ್ಟಿನ ಬಲ ಒಂದೂವರೆ ಪಟ್ಟಾಗುತ್ತದೆ, ಹಿಮದ ನಾಲ್ಕು ಪಟ್ಟಿನ ಭಯವೂ ಮಾಯವಾಗುತ್ತದೆ. ವೇಗ 80 ಎಂದು ನೀವು ಬರೆದಿದ್ದೀರಿ. ಎಲ್ಲರಿಗಿಂತ ಮೊದಲು ಹೊಡೆಯುವ ಪಟ್ಟು ಇರುವವನಿಗೆ ಆ 80 ಬಾಧಿಸುವುದಿಲ್ಲ.

ನಿಮ್ಮ 100ಕ್ಕೂ ಬೆಲೆ ಇಳಿದಿದೆ. ವೇಗದಲ್ಲಿ ಎಷ್ಟು ಅಂಕ ಎಂಬುದಕ್ಕಿಂತ ಯಾರನ್ನು ದಾಟುತ್ತೀರಿ ಎಂಬುದು ಮುಖ್ಯ. ಹಿಂದೆ 100 ಎಂಬುದು ಜನಜಂಗುಳಿಯ ಮೆಟ್ಟಿಲು: ಝಾಪ್ಡಾಸ್, ಜಿರಾಚಿ, ಸೆಲೆಬಿ, ಫ್ಲೈಗನ್ ಎಲ್ಲರೂ ಅಲ್ಲೇ. ಗಾರ್ಚಾಂಪ್‌ನ 102 ಎಷ್ಟು ಅಮೂಲ್ಯ ಎಂದು ನಾವು ಮಾತಾಡಿಕೊಳ್ಳುತ್ತಿದ್ದುದು ಆ ಎರಡೇ ಅಂಕಗಳಿಗಾಗಿ, ಅಷ್ಟೂ ಜನರನ್ನು ಅದು ಆ ಎರಡರಿಂದ ದಾಟುತ್ತಿತ್ತು. ಇಂದು 142ರ ಡ್ರಾಗಾಪಲ್ಟ್ ಓಡಾಡುವ ಅಂಗಳದಲ್ಲಿ 100 ನಡುಮಟ್ಟದ ವೇಗ.

ಇನ್ನು ಸಾಲಮೆನ್ಸ್‌ನ ನಿಜವಾದ ಪ್ರತಿಸ್ಪರ್ಧಿಯ ಬಗ್ಗೆ. ಬಳಕೆಯಲ್ಲಿ ಅದರ ಅನ್ನ ಕಸಿದದ್ದು ಡ್ರಾಗೊನೈಟ್‌ಗಿಂತ ಹೆಚ್ಚಾಗಿ ರೋರಿಂಗ್ ಮೂನ್ ಎಂದು ನನಗನ್ನಿಸುತ್ತದೆ. ಸ್ಕಾರ್ಲೆಟ್ ಆಟದಲ್ಲಿ ಬಂದ, ಸಾಲಮೆನ್ಸ್‌ನ ಪುರಾತನ ರೂಪವನ್ನು ಹೋಲುವ ಪ್ರಾಣಿ ಅದು. ಡ್ರ್ಯಾಗನ್ ಮತ್ತು ಡಾರ್ಕ್ ವರ್ಗ, ಒಟ್ಟು ಅಂಕ 590, ಸಾಲಮೆನ್ಸ್‌ಗಿಂತ ಹತ್ತು ಕಡಿಮೆ. ಆದರೆ ಅಂಕಗಳು ಕೂಡಿರುವ ಜಾಗ ನೋಡಿ: ದಾಳಿ 139, ವೇಗ 119, ಬೇಡವಾದ ವಿಶೇಷ ದಾಳಿಗೆ 55 ಮಾತ್ರ. ಸಾಲಮೆನ್ಸ್‌ನ 110ರ ವಿಶೇಷ ದಾಳಿ ನಿಮ್ಮ ಈಗಿನ ಜೋಡಣೆಯಲ್ಲಿ ಪೆಟ್ಟಿಗೆಯಲ್ಲಿಟ್ಟ ರೇಷ್ಮೆ ಸೀರೆ, ಉಡುವುದೇ ಇಲ್ಲ. ದೈಹಿಕ ದಾಳಿಯಷ್ಟನ್ನೇ ಮಾಡಿಸುವುದಾದರೆ, ಕುಣಿದು ಓಡಿ ಹೊಡೆಯುವ ಕೆಲಸವನ್ನು ರೋರಿಂಗ್ ಮೂನ್ ಹೆಚ್ಚು ವೇಗವಾಗಿ ಮಾಡುತ್ತದೆ. ಹಿಮ ಅದಕ್ಕೆ ಎರಡೇ ಪಟ್ಟು, ಫೇರಿ ಮಾತ್ರ ನಾಲ್ಕು ಪಟ್ಟು.

ಹಾಗಾದರೆ ಏನು ಮಾಡಬಹುದು?

ನೇರ ದಾರಿ ಡ್ರಾಗೊನೈಟ್. ನಿಮ್ಮ ಆಟದ ರೀತಿ, ಅಂದರೆ ಮೊದಲು ಕುಣಿದು ಆಮೇಲೆ ಗುಡಿಸುವುದು, ಅದಕ್ಕೆ ಹೇಳಿ ಮಾಡಿಸಿದಂತಿದೆ. ಡ್ರ್ಯಾಗನ್ ಡ್ಯಾನ್ಸ್, ಎಕ್ಸ್‌ಟ್ರೀಮ್ ಸ್ಪೀಡ್, ಅರ್ಥ್‌ಕ್ವೇಕ್, ರೂಸ್ಟ್, ಬೂಟ್ಸ್, ಟೆರಾ ನಾರ್ಮಲ್: ಇದು ಈಗ ಎಲ್ಲರಿಗೂ ಪರಿಚಿತ ಜೋಡಣೆ, ಅದೇ ಅದರ ಅಪಾಯವೂ ಹೌದು. ಎದುರಾಳಿ ತಂಡದ ಪರಿಚಯದ ತೆರೆಯಲ್ಲೇ ಅದನ್ನು ಕಂಡು ಯೋಜನೆ ಹಾಕಿಕೊಳ್ಳುತ್ತಾನೆ. ಗೋಲ್ಡೆಂಗೊ, ಡ್ರಾಗಾಪಲ್ಟ್‌ನಂಥ ಭೂತ ವರ್ಗದವುಗಳಿಗೆ ಎಕ್ಸ್‌ಟ್ರೀಮ್ ಸ್ಪೀಡ್ ತಾಗದು. ನಾಕ್ ಆಫ್ ಬಿದ್ದು ಬೂಟು ಕಳಚಿದರೆ ಕಲ್ಲುಗಳು ಮತ್ತೆ ಚುಚ್ಚುತ್ತವೆ, ಆ ಗ್ರೇಟ್ ಟಸ್ಕ್‌ಗೂ ನಾಕ್ ಆಫ್ ಗೊತ್ತು. ಮರಳಿನ ಬಿರುಗಾಳಿ, ವಿಷ, ಸುಟ್ಟಗಾಯ ಯಾವುದಾದರೂ ಒಂದು ಹನಿ ಎಚ್‌ಪಿ ತೆಗೆದರೂ ಮಲ್ಟಿಸ್ಕೇಲ್ ಹೋಯಿತು. ಉರ್ಶಿಫು ಮೂರು ಬಾರಿ ಹೊಡೆಯುವ ಸರ್ಜಿಂಗ್ ಸ್ಟ್ರೈಕ್ಸ್‌ನಲ್ಲಿ ಮೊದಲ ಪೆಟ್ಟು ಮಾತ್ರ ಅರ್ಧವಾಗುತ್ತದೆ. ಟೆರಾವನ್ನು ಇದಕ್ಕೇ ಖರ್ಚು ಮಾಡಿದರೆ ಉಳಿದ ಐವರು ಅದಿಲ್ಲದೆ ಆಡಬೇಕು, ನಾರ್ಮಲ್ ಆದ ಮೇಲೆ ಗ್ರೇಟ್ ಟಸ್ಕ್‌ನ ಕ್ಲೋಸ್ ಕಾಂಬ್ಯಾಟ್ ಎರಡು ಪಟ್ಟು ತಾಗುತ್ತದೆ ಎಂಬುದನ್ನೂ ನೆನಪಿಡಿ.

ಎರಡನೆಯದು, ಸಾಲಮೆನ್ಸ್ ಇರಲಿ, ಕಸುಬು ಬದಲಿಸಿ. ನನಗೆ ಹೆಚ್ಚು ಇಷ್ಟವಾದ ದಾರಿ ಇದು. ಮಾಕ್ಸಿ ಬಿಟ್ಟು ಇಂಟಿಮಿಡೇಟ್ ಕೊಡಿ. ಅಂಗಳಕ್ಕೆ ಇಳಿದೊಡನೆ ಎದುರಿನವನ ದೈಹಿಕ ದಾಳಿ ಮೂರರಲ್ಲಿ ಒಂದು ಪಾಲು ಇಳಿಯುತ್ತದೆ. ನಿಮ್ಮ ಆರನೇ ಸರದಿಗೆ ಇದನ್ನೇ ಹೊಂದಿಸಿ ನೋಡಿದೆ: ಆ ಐಸ್ ಸ್ಪಿನ್ನರ್ ಪೆಟ್ಟು 284ರಿಂದ 336ಕ್ಕೆ ಇಳಿಯುತ್ತದೆ. ಪ್ರತಿ ಪೆಟ್ಟಿಗೂ ಹದಿನಾರು ಬೆಲೆಗಳು ಸಾಧ್ಯ. ಅವುಗಳಲ್ಲಿ ಎರಡು ಮಾತ್ರ 331 ದಾಟುತ್ತವೆ. ಹದಿನಾರರಲ್ಲಿ ಹದಿನಾಲ್ಕು ಸಲ ನಿಮ್ಮ ಸಾಲಮೆನ್ಸ್, ನಾಲ್ಕು ಪಟ್ಟು ಹಿಮದ ಪೆಟ್ಟು ತಿಂದೂ ಬದುಕುತ್ತಿತ್ತು. ಅಬಿಲಿಟಿ ಒಂದನ್ನು ಬದಲಿಸಿದ್ದರಿಂದ ಇಷ್ಟು ವ್ಯತ್ಯಾಸ ಬರುವುದನ್ನು ನೋಡಿದಾಗ ನನಗೂ ಖುಷಿಯಾಯಿತು. ಜೊತೆಗೆ ಒಂದು ದೈಹಿಕ ಪಟ್ಟನ್ನು ತೆಗೆದು ಹರಿಕೇನ್ ಅಥವಾ ಡ್ರಾಕೊ ಮೀಟಿಯರ್ ಹಾಕಿ. ಡ್ರಾಕೊ ಮೀಟಿಯರ್‌ನ ಬಲ ಈಗ 130, ಹೊಡೆದ ಮೇಲೆ ಸ್ವಂತ ವಿಶೇಷ ದಾಳಿ ಎರಡು ಹಂತ ಕುಸಿಯುತ್ತದೆ, ಹೊಡೆದು ಹಿಂದೆ ಸರಿಯುವ ಆಟಕ್ಕೆ ಅದು ಸರಿ. ಅಪಾಯವಿಲ್ಲವೆಂದಲ್ಲ. ಕಿಂಗಾಂಬಿಟ್‌ಗೆ ಡಿಫೈಯಂಟ್ ಇದ್ದರೆ ನಿಮ್ಮ ಬೆದರಿಕೆಯಿಂದ ಅದರ ದಾಳಿ ಇಳಿಯುವ ಬದಲು ಏರುತ್ತದೆ. ಕಾಂಪಿಟಿಟಿವ್ ಇರುವ ಮಿಲೋಟಿಕ್‌ನ ವಿಶೇಷ ದಾಳಿ ಎರಡು ಹಂತ ಮೇಲೇರುತ್ತದೆ, ಅದರ ಕೈಯಲ್ಲಿ ಐಸ್ ಬೀಮ್ ಇದ್ದರೆ ಮುಗಿಯಿತು. ಕ್ಲಿಯರ್ ಅಮ್ಯುಲೆಟ್ ಹಿಡಿದವರಿಗೆ ಬೆದರಿಕೆ ತಾಗದು. ಇನ್ನರ್ ಫೋಕಸ್ ಇರುವ ಡ್ರಾಗೊನೈಟ್ ಕೂಡ 2019ರ ನಂತರ ಇಂಟಿಮಿಡೇಟ್‌ಗೆ ಹೆದರುವುದಿಲ್ಲ. ಎದುರಾಳಿ ತಂಡದ ಆರು ಹೆಸರು ಕಂಡಾಗ ಮೊದಲು ಇವುಗಳನ್ನು ಹುಡುಕುವ ಅಭ್ಯಾಸ ಮಾಡಿಕೊಳ್ಳಿ.

ಮಾಕ್ಸಿಯೇ ಬೇಕೆಂದರೆ ಚಾಯ್ಸ್ ಸ್ಕಾರ್ಫ್ ಹಾಕಿ ಕೊನೆಗೆ ಮಾತ್ರ ಇಳಿಸಿ. ಕುಣಿಯುವ ಸರದಿಯೇ ಬೇಕಿಲ್ಲ, ವೇಗ ಒಂದೂವರೆ ಪಟ್ಟು ಕೈಗೆ ಬಂದಿರುತ್ತದೆ, ಒಂದೊಂದು ಬಲಿಗೂ ದಾಳಿ ಒಂದು ಹಂತ ಏರುತ್ತದೆ. ಆದರೆ ಎದುರಿನ ಫೇರಿ ಸತ್ತಿರುವುದು ಖಚಿತವಾಗದೆ ಔಟ್‌ರೇಜ್ ಒತ್ತಬೇಡಿ.

ಹಳೆಯ ತಲೆಮಾರಿನ ಪಂದ್ಯಗಳೂ ಇವೆ. ಶೋಡೌನ್‌ನಲ್ಲಿ ಮೂರನೇ ತಲೆಮಾರಿನ ಓವರ್‌ಯೂಸ್ಡ್ ಇಂದಿಗೂ ಜೀವಂತ. ರೂಬಿಯಲ್ಲಿ ನೀವು ಕಂಡ ಸಾಲಮೆನ್ಸ್ ಅಲ್ಲಿ ಇನ್ನೂ ರಾಜ. ಪಂದ್ಯಾವಳಿಗೆ ಅದು ಸಹಾಯ ಮಾಡದಿರಬಹುದು, ಆದರೆ ಆ ಪ್ರಾಣಿ ಹೇಗೆ ಆಡಬೇಕೆಂದು ರೂಪುಗೊಂಡಿತು ಎಂಬುದನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಶಾಲೆ ಇಲ್ಲ.

ಮೆಚ್ಚಿನ ಪ್ರಾಣಿಯ ಮಾತು ಬಂದಾಗಲೆಲ್ಲ ಯಾರಾದರೂ 2014ರ ಉದಾಹರಣೆ ಕೊಡುತ್ತಾರೆ. ವಾಷಿಂಗ್ಟನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ಅನ್ನು ದಕ್ಷಿಣ ಕೊರಿಯಾದ ಸೆಜುನ್ ಪಾರ್ಕ್ ಒಟ್ಟು ಅಂಕ ಬರೀ 405 ಇರುವ ಪಚಿರಿಸು ಎಂಬ ಅಳಿಲನ್ನು ಕಟ್ಟಿಕೊಂಡು ಗೆದ್ದರು. ‘ಪ್ರೀತಿ ಇದ್ದರೆ ಯಾವುದರಿಂದಲೂ ಗೆಲ್ಲಬಹುದು’ ಎಂದು ಇದನ್ನು ಹೇಳುವುದನ್ನು ನಾನು ಒಪ್ಪುವುದಿಲ್ಲ. ಅವರ ತಂಡದಲ್ಲಿ ಗಯರಡೋಸ್ ಇತ್ತು, ಮೆಗಾ ಆಗುವ ಮೊದಲು ಅದಕ್ಕೆ ವಿದ್ಯುತ್ ನಾಲ್ಕು ಪಟ್ಟು ಮಾರಕ. ಎದುರಾಳಿಯ ಪೆಟ್ಟುಗಳನ್ನು ತನ್ನತ್ತ ಎಳೆದುಕೊಳ್ಳಬಲ್ಲ, ವಿದ್ಯುತ್ ಬಿದ್ದರೆ ನೋಯುವ ಬದಲು ಚೇತರಿಸಿಕೊಳ್ಳಬಲ್ಲ ಒಂದು ಪ್ರಾಣಿ ಅವರಿಗೆ ಬೇಕಿತ್ತು. ಪೆಟ್ಟು ಎಳೆದುಕೊಳ್ಳುವ ಕೆಲಸಕ್ಕೆ ಎಲ್ಲರೂ ಬಳಸುತ್ತಿದ್ದ ಅಮೂಂಗಸ್‌ನ ರೇಜ್ ಪೌಡರ್ 2013ರಿಂದ ಹುಲ್ಲಿನ ವರ್ಗದವರನ್ನು ಎಳೆಯಲಾರದಾಗಿತ್ತು. ಅದೇ ಕೆಲಸ ಮಾಡುವ, ಪಚಿರಿಸುವಿನ ಫಾಲೋ ಮಿ ಎಂಬ ಪಟ್ಟಿಗೆ ಆ ಮಿತಿ ಇಲ್ಲ. ಅವರು ಪ್ರಾಣಿಯಿಂದ ಕೆಲಸಕ್ಕೆ ಬರಲಿಲ್ಲ, ಕೆಲಸದಿಂದ ಪ್ರಾಣಿಗೆ ಬಂದರು.

ಇನ್ನು ನಿಮ್ಮ ಪಂದ್ಯಾವಳಿ. ಪತ್ರದಲ್ಲಿ ಒಂದು ಮುಖ್ಯ ಸಂಗತಿ ಬಿಟ್ಟುಹೋಗಿದೆ: ಅದು ಸಿಂಗಲ್ಸೋ ಡಬಲ್ಸೋ? ನೀವು ನೋಡಿದ ಶ್ರೇಣಿ ಪಟ್ಟಿ ಸಿಂಗಲ್ಸ್‌ನದು. ಅಧಿಕೃತ ವಿಡಿಯೊ ಗೇಮ್ ಪಂದ್ಯಾವಳಿಗಳ ಮಾದರಿ ಡಬಲ್ಸ್: ಆರು ಪ್ರಾಣಿಗಳನ್ನು ತಂದು ನಾಲ್ಕನ್ನು ಆರಿಸಿ, 50ನೇ ಮಟ್ಟದಲ್ಲಿ ಇಬ್ಬರಿಬ್ಬರಾಗಿ ಆಡುವುದು. ಕಾಲೇಜಿನ ಆಯೋಜಕರು ಆ ನಿಯಮವನ್ನೇ ಇಟ್ಟುಕೊಂಡಿದ್ದರೆ ಮೇಲಿನ ಲೆಕ್ಕಗಳಲ್ಲಿ ಅರ್ಧ ತಲೆಕೆಳಗಾಗುತ್ತವೆ. ಅಲ್ಲಿ ಇಂಟಿಮಿಡೇಟ್ ಒಂದೇ ಬಾರಿಗೆ ಇಬ್ಬರನ್ನು ಬೆದರಿಸುತ್ತದೆ. ಟೇಲ್‌ವಿಂಡ್ ಬೀಸಿ ಇಡೀ ತಂಡದ ವೇಗ ಇಮ್ಮಡಿಸುವ ಕೆಲಸವನ್ನೂ ಸಾಲಮೆನ್ಸ್ ಮಾಡಬಲ್ಲದು. ಆಗ ನಿಮ್ಮ ಹೋಲಿಕೆ ಡ್ರಾಗೊನೈಟ್‌ನೊಂದಿಗೆ ಅಲ್ಲ, ಬೆದರಿಕೆಯ ಕೆಲಸಕ್ಕೆ ಹೆಸರಾದ ಇನ್ಸಿನರೋರ್ ಮತ್ತು ಲ್ಯಾಂಡೊರಸ್‌ನೊಂದಿಗೆ. ಯಾವ ಪ್ರಾಣಿಗಳಿಗೆ ಪ್ರವೇಶವಿದೆ ಎಂಬುದನ್ನೂ ಕೇಳಿ. 2024ರ ಸೆಪ್ಟೆಂಬರ್‌ನಲ್ಲಿ ಅಧಿಕೃತ ನಿಯಮ ದಂತಕತೆಯ ಪ್ರಾಣಿಗಳನ್ನೂ ರೋರಿಂಗ್ ಮೂನ್‌ನಂಥ ಪ್ಯಾರಡಾಕ್ಸ್ ಪ್ರಾಣಿಗಳನ್ನೂ ಹೊರಗಿಟ್ಟಿತ್ತು. ಅಂಥ ನಿಯಮವಿದ್ದರೆ 135ರ ವೇಗದ ಫ್ಲಟರ್ ಮೇನ್ ಇಲ್ಲ, ಗ್ರೇಟ್ ಟಸ್ಕ್ ಇಲ್ಲ, ಲ್ಯಾಂಡೊರಸ್ ಇಲ್ಲ, ನಿಮ್ಮ 100ರ ವೇಗಕ್ಕೆ ಕಳೆದುಹೋದ ಬೆಲೆ ಒಂದಿಷ್ಟು ಮರಳುತ್ತದೆ.

ಆದ್ದರಿಂದ ಈ ವಾರ ಆಯೋಜಕರಿಂದ ನಿಯಮಗಳನ್ನು ಬರಹದಲ್ಲಿ ಪಡೆದುಕೊಳ್ಳಿ. ಸಿಂಗಲ್ಸ್ ಆಗಿದ್ದು ಪೂರ್ತಿ ಗೆಲುವೇ ಗುರಿಯಾದರೆ ಡ್ರಾಗೊನೈಟ್ ತೆಗೆದುಕೊಳ್ಳಿ, ಅದರಲ್ಲಿ ಸಂಕೋಚ ಬೇಡ. ಒಂದು ತಿಂಗಳು ಕಲಿಕೆಗೆ ಕೊಡಲು ಸಿದ್ಧರಿದ್ದರೆ, ಅಥವಾ ಪಂದ್ಯ ಡಬಲ್ಸ್ ಆಗಿದ್ದರೆ, ಇಂಟಿಮಿಡೇಟ್ ಮತ್ತು ಹರಿಕೇನ್ ಇರುವ ಸಾಲಮೆನ್ಸ್‌ನೊಂದಿಗೆ ಇಪ್ಪತ್ತು ಪಂದ್ಯ ಆಡಿ, ಡ್ರ್ಯಾಗನ್ ಡ್ಯಾನ್ಸ್ ಅನ್ನು ಪಟ್ಟಿಯಿಂದಲೇ ತೆಗೆದುಬಿಡಿ. ಅದು ಕೈಗೆ ಸಿಗುವಂತಿದ್ದರೆ ಬೆರಳು ಮತ್ತೆ ಅದನ್ನೇ ಒತ್ತುತ್ತದೆ. ಪ್ರತಿ ಪಂದ್ಯ ಮುಗಿದ ಮೇಲೆ ಸಾಲಮೆನ್ಸ್ ಬಿದ್ದ ಸರದಿಯನ್ನು ಗುರುತು ಹಾಕಿ, ಆ ಸರದಿಯಲ್ಲಿ ಅದು ಮೊದಲು ಹೊಡೆದಿತ್ತೇ, ನಂತರ ಹೊಡೆಯಲು ಕಾದಿತ್ತೇ ಎಂದು ಪಕ್ಕದಲ್ಲಿ ಬರೆಯಿರಿ. ಆ ಇಪ್ಪತ್ತು ಸಾಲುಗಳನ್ನು ನನಗೆ ಕಳುಹಿಸಿ, ಉಳಿದ ಐದು ಸ್ಥಾನಗಳಿಗೆ ಯಾರು ಬೇಕು ಎಂಬುದನ್ನು ಅವುಗಳನ್ನು ನೋಡಿ ಹೇಳುತ್ತೇನೆ.